ಮಾಮಿ ಹೆಣೆದ ತಟ್ಟಿ

ನಮ್ಮೂರ ಫುಟ್ಬಾಲ್ ಕ್ಲಬ್ಬಿನವರು ಸ್ಮರಣ ಸಂಚಿಕೆ ತರುತ್ತಾರಂತೆ. ಕಳೆದ ವಾರ ಪೆರ್ಲದ ಪೇಟೆಯಲ್ಲಿ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಈಗಿನ ಕಾರ್ಯದರ್ಶಿ ಮನೋಜ ಹಿಡಿದು ನಿಲ್ಲಿಸಿದ. ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ, ಒಳ್ಳೆಯವನೇ. ಧನು ತಿಂಗಳಲ್ಲಿ ಕ್ಲಬ್ಬು ನಡೆಸುವ ಪಂದ್ಯಾಟ ಶುರುವಾಗಿ ಬಹಳ ವರ್ಷವಾಯಿತು, ಹಳೆಯ ಅಭಿಮಾನಿಗಳ ನೆನಪುಗಳನ್ನೆಲ್ಲ ಒಟ್ಟು ಮಾಡಬೇಕು ಎಂದ.

"ಟೀಚರ್, ಎರಡು ಪುಟ ಸಾಕು. ನಿಮ್ಮ ಮನೆಯವರು ಕ್ಲಬ್ಬಿಗೆ ಎಷ್ಟು ಸಪೋರ್ಟ್ ಮಾಡಿದ್ದಾರೆ ಅಂತ ಬರೀರಿ. ದೇವಕ್ಕನ ಒಂದು ಫೋಟೋ ಸಹ ಬೇಕಿತ್ತು. ಸ್ವಲ್ಪ ಒಳ್ಳೊಳ್ಳೆ ನೆನಪು ಹಾಕಿ, ಆಯ್ತಾ?"

ಆಯಿತು ಎಂದುಬಿಟ್ಟೆ. ಬಸ್ಸು ಹತ್ತಿ ಕುಳಿತ ಮೇಲೆ ಮೈ ಉರಿಯತೊಡಗಿತು. ಒಳ್ಳೊಳ್ಳೆ ನೆನಪಂತೆ! ಆ ಕ್ಲಬ್ಬಿನ ಒಳ್ಳೇದಕ್ಕೆ ಅಂತಲೇ ನಮ್ಮ ಮನೆಯಲ್ಲಿ ನಡೆದದ್ದು ಇವನಿಗೆ ಯಾರೂ ಹೇಳಿಲ್ಲ, ಹೇಳಬೇಕಾದವರು ಹೇಳುವವರೂ ಅಲ್ಲ. ಎರಡು ಪುಟಕ್ಕೆ ಒಗ್ಗುವ ಮಾತಲ್ಲ ಅದು, ಸಂಚಿಕೆಗೆ ಒಪ್ಪುವ ಮಾತಂತೂ ಅಲ್ಲವೇ ಅಲ್ಲ. ಆದ್ದರಿಂದ ಇಲ್ಲೇ ಬರೆಯುತ್ತೇನೆ.

ನಮ್ಮ ಮನೆಯ ಜಗಲಿ ಇಳಿದರೆ ಅಂಗಳ, ಅಂಗಳದ ಅಂಚಿಗೆ ಮಣ್ಣಿನ ಬದುವಿನಂಥ ಒಂದು ತಗ್ಗು ಹುಣಿ, ಹುಣಿಯ ಆಚೆ ಬೆಟ್ಟು ಗದ್ದೆ. ಮಳೆಗಾಲದಲ್ಲಿ ಒಂದೇ ಬೆಳೆ ಕೊಡುವ ಗದ್ದೆ ಅದು. ಪೈರು ಕೊಯ್ದು ಕೂಳೆ ಒಣಗಿದ ಮೇಲೆ ಅದರಲ್ಲಿ ಉದ್ದು ಬಿತ್ತಬಹುದಿತ್ತು, ಸುತ್ತಲಿನವರೆಲ್ಲ ಬಿತ್ತುತ್ತಿದ್ದರು. ನಮ್ಮ ಮಾಮಿ ಬಿತ್ತುತ್ತಿರಲಿಲ್ಲ. ಮಾಮಿ ಎಂದರೆ ಅಪ್ಪನ ಅಕ್ಕ, ಹೆಸರು ದೇವಕಿ, ಊರಿಗೆಲ್ಲ ದೇವಕ್ಕ. ಗದ್ದೆ ಅವಳ ಪಾಲಿನದು, ಮನೆಯಲ್ಲಿ ಮಾತೂ ಅವಳದೇ. ಉದ್ದು ಬಿತ್ತಿದರೆ ಹುಡುಗರು ಎಲ್ಲಿ ಆಡುವುದು ಎಂಬುದು ಅವಳ ಪ್ರಶ್ನೆ. ಮನೆಯೆದುರೇ ಗದ್ದೆ ಇಟ್ಟುಕೊಂಡು ದೋಸೆಗೆ ಅಂಗಡಿಯಿಂದ ಉದ್ದು ತರುವ ಮನೆ ಊರಿನಲ್ಲಿ ನಮ್ಮದೊಂದೇ ಇತ್ತು. ಅಮ್ಮ ಪ್ರತಿ ಸಲ ಉದ್ದು ನೆನೆಹಾಕುವಾಗಲೂ ಅದನ್ನು ಕೇಳುವಷ್ಟು ದೊಡ್ಡದಾಗಿ ಹೇಳುತ್ತಿದ್ದಳು, ಮಾಮಿ ಕೇಳಿಸಿಕೊಳ್ಳುತ್ತಿರಲಿಲ್ಲ.

ಕ್ಲಬ್ಬಿಗೆ ಬ್ಯಾನರಿನಲ್ಲಿ ಮಾರುದ್ದದ ಹೆಸರಿತ್ತು, ಆದರೆ ಎಲ್ಲರ ಬಾಯಲ್ಲೂ ಅದು ಬರೀ ಕ್ಲಬ್ಬು. ಏಳೇಳು ಜನ ಆಡುವ ಸೆವೆನ್ಸ್ ಆಟ. ಅಪ್ಪ ಅದರ ಅಧ್ಯಕ್ಷ. ಹಾಗೆಂದು ಅಭಿಮಾನಿ ಯಾರು ಎಂದು ಕೇಳಿದರೆ ಅಪ್ಪನ ಹೆಸರು ಹೇಳಲಾಗದು; ಅಪ್ಪ ಆಟದ ಹೊತ್ತಿಗೆ ಬಿಳಿ ಮುಂಡು ಉಟ್ಟು ಗಣ್ಯರನ್ನು ಕೂರಿಸುವುದರಲ್ಲೇ ಇರುತ್ತಿದ್ದ. ಅಭಿಮಾನಿ ಮಾಮಿ. ಜಗಲಿಯ ಕಂಬಕ್ಕೆ ಒರಗಿ, ಎಲೆಯಡಿಕೆಯ ತಟ್ಟೆ ಪಕ್ಕಕ್ಕಿಟ್ಟುಕೊಂಡು ಅವಳು ಕೂತರೆ ಮೂಡುಬದಿಯ ಗೋಲು ಅವಳ ಕಣ್ಣೆದುರಿಗೇ, ಅಂಗಳ ಹುಣಿ ದಾಟಿದಲ್ಲೇ. ಆಟದ ನಿಯಮಗಳಲ್ಲಿ ಅವಳಿಗೆ ಗೊತ್ತಿದ್ದದ್ದು ಹ್ಯಾಂಡ್ ಒಂದೇ. ಎದುರಿನವರ ಕಾಲಿಗೆ ಚೆಂಡು ತಾಗಿದರೂ ಹ್ಯಾಂಡ್ ಎಂದು ಕೂಗುತ್ತಿದ್ದಳು. ರೆಫ್ರಿ ತಿರುಗಿ ನೋಡಿದರೆ ಅವನಿಗೂ ಬೈಗಳು. ಎಲ್ಲದಕ್ಕಿಂತ ಹೆಚ್ಚು ಬೈಗಳು ನಮ್ಮ ಗೋಲ್‌ಕೀಪರ್ ಅಬ್ಬುವಿಗೆ. ತೋಡಿನ ಆಚೆಯ ಮನೆಯ ಬ್ಯಾರಿ ಹುಡುಗ ಅವನು, ಹಗಲೆಲ್ಲ ಲಾರಿಗೆ ಲೋಡು ಮಾಡಿ ಬಂದು ಗೋಲಿಗೆ ನಿಲ್ಲುತ್ತಿದ್ದ.

"ಅಬ್ಬೂ, ನಿದ್ದೆಯಾ ನಿನಗೆ? ಎಡಕ್ಕೆ ಬಾ! ನಾನು ಗಂಜಿ ಹಾಕಿದ್ದು ನೀನು ಅಲ್ಲಿ ಕಂಬದ ಹಾಗೆ ನಿಲ್ಲಲಿಕ್ಕಾ?"

ಇದೆಲ್ಲ ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದುಹೋಗುತ್ತದೆ. ಅಬ್ಬು ಮಾತ್ರ ತಿರುಗಿಯೂ ನೋಡದೆ ಎಡಕ್ಕೆ ಸರಿಯುತ್ತಿದ್ದ.

ಗಂಜಿ ಹಾಕಿದ್ದು ಬಾಯಿಮಾತಲ್ಲ. ಧನು ತಿಂಗಳಲ್ಲಿ ದೇವಸ್ಥಾನದ ಧನುಪೂಜೆಯ ಗಂಟೆ ಕತ್ತಲಲ್ಲೇ ಕೇಳಿಸುತ್ತಿತ್ತು. ಮಾಮಿ ತಣ್ಣೀರಲ್ಲಿ ಮಿಂದು ಪೂಜೆಗೆ ಹೊರಡುವ ಹೊತ್ತಿಗೇ ಆಟಗಾರರು ಗದ್ದೆಗೆ ಇಳಿಯುತ್ತಿದ್ದರು, ಬೆಳಕಾದ ಮೇಲೆ ಎಲ್ಲರಿಗೂ ಕೆಲಸವಿತ್ತಲ್ಲ. ಅವಳು ಪ್ರಸಾದ ಹಿಡಿದು ಮರಳುವಾಗ ಅಭ್ಯಾಸ ಮುಗಿದು ನಮ್ಮ ಜಗಲಿಯಲ್ಲಿ ಸಾಲಾಗಿ ಕೂತಿರುತ್ತಿದ್ದರು, ಮೈಯಿಂದ ಹಬೆ ಏಳುತ್ತಿತ್ತು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ಧನುಪೂಜೆಗೆ ಹೋಗುವ ತಿಂಗಳಿಡೀ ಮಾಮಿ ಮೀನು ಮುಟ್ಟುವವಳಲ್ಲ; ಆದರೆ ಓಡುವ ಹುಡುಗರಿಗೆ ಸೊಪ್ಪು ತಿನ್ನಿಸಿದರೆ ಹೇಗೆ ಎಂದು ಹೊರಗಿನ ಒಲೆಯಲ್ಲಿ ಅಮ್ಮನ ಕೈಯಿಂದ ಒಣಮೀನು ಸುಡಿಸುತ್ತಿದ್ದಳು, ತಾನು ಮೂಗು ಮುಚ್ಚಿಕೊಂಡು ನಿಂತು ಎಲ್ಲರಿಗೂ ಬಂತಾ ಎಂದು ನೋಡುತ್ತಿದ್ದಳು. ಕೆಂಪು ಧೂಳು ಹಿಡಿದ ಜೆರ್ಸಿಗಳು ನಮ್ಮ ಬಾವಿಕಟ್ಟೆಯಲ್ಲೇ ಒಗೆದು ನಮ್ಮ ಅಂಗಳದ ಹಗ್ಗದಲ್ಲೇ ಒಣಗುತ್ತಿದ್ದವು. ಪಂದ್ಯದ ದಿನ ಹಾಫ್ ಟೈಮಿಗೆ ಎರಡೂ ತಂಡದವರು ಹುಣಿ ಹತ್ತಿ ನಮ್ಮ ಅಂಗಳಕ್ಕೆ ಬಂದರೆ ಒಂದು ಚೂರು ಬೆಲ್ಲ, ಒಂದು ಚೆಂಬು ನೀರು. ಎದುರಿನ ತಂಡದವರಿಗೆ ಮಾಮಿ ಬೈಯುತ್ತ ಕೊಡುತ್ತಿದ್ದಳು, ಆದರೆ ಬೆಲ್ಲದ ಚೂರು ಸಣ್ಣದು ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಕ್ಲಬ್ಬು ಒಂದು ಕಪ್ಪನ್ನೂ ಗೆದ್ದದ್ದಿಲ್ಲ. ಪ್ರತಿ ಧನುವಿನಲ್ಲೂ ನಮ್ಮದೇ ಗದ್ದೆಯಲ್ಲಿ, ನಮ್ಮದೇ ಗಂಜಿ ಉಂಡು, ಮೊದಲ ಪಂದ್ಯದಲ್ಲೋ ಎರಡನೆಯದರಲ್ಲೋ ಸೋತು, ಫೈನಲಿನಲ್ಲಿ ಬೇರೆ ಊರಿನವರು ಕಪ್ಪು ಎತ್ತುವುದನ್ನು ಮಾಮಿ ಕಂಬಕ್ಕೆ ಒರಗಿ ನೋಡಿದ್ದಳು. ಸಾಯುವ ಮೊದಲು ಒಮ್ಮೆ ನಮ್ಮ ಹುಡುಗರು ಎತ್ತುವುದನ್ನು ನೋಡಬೇಕು ಎನ್ನುತ್ತಿದ್ದಳು. ಆಗ ಅವಳಿಗೆ ಸಾಯುವ ವಯಸ್ಸೇನೂ ಆಗಿರಲಿಲ್ಲ, ಆದರೆ ಆಸೆ ಮಾತ್ರ ಅಷ್ಟು ದೊಡ್ಡದಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಕ್ಲಬ್ಬು ಫೈನಲಿಗೆ ಬಂತು. ಸೆಮಿಫೈನಲಿನ ದಿನ ನಮ್ಮ ಜಗಲಿ, ಅಂಗಳ, ಹುಣಿ ಎಲ್ಲ ಕಡೆ ಜನವೋ ಜನ. ರಸ್ತೆಯ ಬದಿಗೆ ಪ್ರತಿ ವರ್ಷ ತೆಂಗಿನ ಗರಿಯ ಮಡಲು ಹೆಣೆದ ತಟ್ಟಿಯನ್ನು ಮರೆಯಾಗಿ ಕಟ್ಟಿ, ಟಿಕೆಟು ತೆಗೆದುಕೊಂಡವರನ್ನು ಮಾತ್ರ ಒಳಗೆ ಬಿಡುವುದು ರೂಢಿ. ಆದರೆ ನಮ್ಮ ಮನೆಯ ಬದಿ ತೆರೆದೇ ಇರುತ್ತಿತ್ತು, ಅಲ್ಲಿ ಮನೆಯವರು, ನೆರೆಯ ಹೆಂಗಸರು, ಮಕ್ಕಳು. ಫೈನಲಿಗೆ ತಟ್ಟಿ ಇನ್ನಷ್ಟು ಬೇಕು ಎಂದು ಅಪ್ಪ ಹೇಳಿದಾಗ ಮಾಮಿ ಯಾಕೆ ಎಂದು ಕೇಳಲಿಲ್ಲ. ನಮ್ಮದೇ ತೆಂಗಿನ ಮರದ ಮಡಲು, ನಮ್ಮ ತೋಡಿನ ನೀರಿನಲ್ಲೇ ನೆನೆಹಾಕಿ, ಅಮ್ಮ ಒಂದು ಕಡೆ ಮಾಮಿ ಒಂದು ಕಡೆ ಅಂಗಳದಲ್ಲಿ ಕಾಲುಚಾಚಿ ಕೂತು ಹೆಣೆದರು. ಅಮ್ಮನ ಹೆಣಿಗೆ ಸ್ವಲ್ಪ ಸಡಿಲ. ಮಾಮಿಯದು ಚಾಪೆಯ ಹಾಗೆ ಬಿಗಿ. ನಾನು ಗರಿ ಎತ್ತಿ ಕೊಡುತ್ತಿದ್ದೆ. ಹೆಣೆಯುತ್ತ ಹೆಣೆಯುತ್ತ ಫೈನಲಿನಲ್ಲಿ ಅಬ್ಬು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಮಾಮಿ ಅಮ್ಮನಿಗೆ ವಿವರಿಸುತ್ತಿದ್ದಳು. ಅಮ್ಮ ಹೂಂ ಹೂಂ ಎನ್ನುತ್ತಿದ್ದಳು.

ಫೈನಲಿನ ದಿನ ಬೆಳಿಗ್ಗೆ ಮಾಮಿ ಧನುಪೂಜೆಯಿಂದ ಮರಳುವಾಗ ನಾನೂ ಅವಳ ಜೊತೆಗಿದ್ದೆ. ಕ್ಲಬ್ಬಿನ ಹೆಸರಿನಲ್ಲಿ ಹೂವಿನ ಪೂಜೆ ಮಾಡಿಸಿದ್ದಳು, ಅಬ್ಬುವಿಗೆಂದು ಗಂಧದ ಎಲೆ ಬೇರೆಯೇ ಹಿಡಿದಿದ್ದಳು. ಅಂಗಳಕ್ಕೆ ಕಾಲಿಟ್ಟರೆ ಗದ್ದೆಯೇ ಇಲ್ಲ! ಹುಣಿಯ ಉದ್ದಕ್ಕೂ, ನಮ್ಮ ಜಗಲಿಯ ಎದುರಿಗೇ, ಆಳಿಗಿಂತ ಎತ್ತರದ ತಟ್ಟಿ. ಅವಳು ದೇವರೆದುರು ಕಣ್ಣು ಮುಚ್ಚಿ ನಿಂತ ಹೊತ್ತನ್ನೇ ನೋಡಿಕೊಂಡು ಬಂದು ಕಟ್ಟಿ ಹೋಗಿದ್ದರು. ಇಂದಿಗೂ ನನಗೆ ತಟ್ಟಿಗಿಂತ ಆ ಹೊತ್ತು ಆರಿಸಿಕೊಂಡದ್ದೇ ಹೆಚ್ಚು ಉರಿಯುತ್ತದೆ. ಒಳ್ಳೆಯ ಕೆಲಸ ಎಂದು ಅವರಿಗೇ ನಂಬಿಕೆ ಇದ್ದಿದ್ದರೆ ಮಾಮಿ ಮನೆಯಲ್ಲಿದ್ದಾಗ ಬಂದು ಕಟ್ಟಬೇಕಿತ್ತು. ಅಪ್ಪ ಜಗಲಿಯ ಮೂಲೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ, ಬಹಳ ಹೊತ್ತಿನಿಂದ ಉಜ್ಜುತ್ತಿದ್ದಂತೆ ಕಾಣುತ್ತಿತ್ತು.

"ಅದೆಂತ ಅದು?" ಮಾಮಿ ಕೇಳಿದಳು.

"ತಟ್ಟಿ" ಎಂದ ಅಪ್ಪ.

"ತಟ್ಟಿ ಅಂತ ನನಗೂ ಗೊತ್ತುಂಟು. ಹೆಣೆದದ್ದು ನಾನು. ಇಲ್ಲಿ ಯಾಕೆ ಅಂತ ಕೇಳಿದ್ದು."

"ಮೊನ್ನೆ ನೋಡಿದಿಯಲ್ಲ ಅಕ್ಕ, ಅರ್ಧ ಊರು ನಮ್ಮ ಜಗಲಿಯಲ್ಲೇ ಇತ್ತು. ಗೇಟಲ್ಲಿ ಜನವೇ ಇಲ್ಲ. ಕಮಿಟಿಯವರು ಹೇಳಿದ್ರು. ಕ್ಲಬ್ಬಿನ ಒಳ್ಳೇದಕ್ಕೆ."

"ಬೇರೆಯವರಿಗೆ ಬರಬೇಡಿ ಅಂತ ಹೇಳಬಹುದಿತ್ತು."

"ಹಾಗೆ ಹೇಳಿದ್ರೆ ಯಾರು ಕೇಳ್ತಾರೆ? ನಿನಗೆ ಎದುರಿನ ಸಾಲಲ್ಲಿ ಒಂದು ಕುರ್ಚಿ ಹಾಕಿಸ್ತೇನೆ, ಗಣ್ಯರ ಒಟ್ಟಿಗೆ. ಪಾಸ್ ಸಹ ಉಂಟು."

"ನನ್ನ ಗದ್ದೆ ನೋಡಲಿಕ್ಕೆ ನನಗೆ ಪಾಸು ಯಾಕೆ?"

ಅಪ್ಪ ಮತ್ತೆ ಹಲ್ಲುಜ್ಜತೊಡಗಿದ. ಕಮಿಟಿಯಲ್ಲಿ ಮಾತು ಬಂದಾಗ ಅಕ್ಕನನ್ನು ಕೇಳಿ ಹೇಳುತ್ತೇನೆ ಎಂಬ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ ಎಂಬುದು ಆಗ ಮಾಮಿಗೆ ಗೊತ್ತಾಯಿತು. ಅವನು ಕೇಳಿದ್ದರೆ ಮಾಮಿ ಬಹುಶಃ ಒಪ್ಪುತ್ತಿದ್ದಳು, ಕುರ್ಚಿಗೂ ಹೋಗುತ್ತಿದ್ದಳು, ಕ್ಲಬ್ಬಿಗೆ ಒಳ್ಳೆಯದಾಗುವುದಾದರೆ ಅವಳು ಏನು ಮಾಡುತ್ತಿರಲಿಲ್ಲ! ಕೇಳಲಿಲ್ಲ. ಅಮ್ಮ ಕತ್ತಿ ತಂದು, ನಾನೇ ಕಡಿದು ಹಾಕುತ್ತೇನೆ ಅತ್ತಿಗೆ ಎಂದಳು. ಅಮ್ಮನಿಗೆ ಫುಟ್ಬಾಲ್ ಎಂದರೆ ಆಗದು, ಆದರೆ ಅವತ್ತು ಅವಳ ಮುಖ ಕೆಂಪಾಗಿತ್ತು. ಮಾಮಿ ಬೇಡ ಎಂದಳು. ಕಟ್ಟಿದವರೇ ಬಿಚ್ಚಬೇಕು, ನಾವು ಕೈ ಹಾಕುವುದಿಲ್ಲ ಎಂದಳು. ಗಂಜಿಗೆ ಬಂದವರಿಗೆ ಎಂದಿನಂತೆ ಬಡಿಸಿದಳು, ಅಬ್ಬುವಿಗೆ ಗಂಧ ಕೊಟ್ಟಳು. ಆಟಗಾರರು ಬಟ್ಟಲು ನೋಡುತ್ತ ಉಂಡರು.

ಸಂಜೆ ಫೋಟೋದವನು ಬಂದ. ಪಡುವಣ ಬಿಸಿಲು ಮುಖಕ್ಕೆ ಬೀಳಲಿ ಎಂದು ತಂಡವನ್ನು ನಮ್ಮ ಮನೆಗೆ ಬೆನ್ನು ಮಾಡಿಸಿ ತಟ್ಟಿಯ ಎದುರು ನಿಲ್ಲಿಸಿದ. ನಾವು ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದೆವು. ಅಧ್ಯಕ್ಷರು ನಡುವೆ ಬನ್ನಿ, ಹಿಂದೆ ತಟ್ಟಿ ಚೆನ್ನಾಗಿ ಬರ್ತದೆ ಎಂದು ಅವನು ಹೇಳಿದ್ದೂ ಕೇಳಿಸಿತು. ಮಾಮಿ ಕಂಬಕ್ಕೆ ಒರಗಿ ಮಡಲನ್ನೇ ದಿಟ್ಟಿಸುತ್ತಿದ್ದಳು. ಅಮ್ಮನ ಕಡೆ ತಿರುಗಿದಳು.

"ಇದು ಪೂರಾ ನನ್ನ ಹೆಣಿಗೆ. ಒಂದು ಕಣ್ಣು ಬಿಟ್ಟಿಲ್ಲ ನೋಡು. ನಿನ್ನದು ಇಲ್ಲಿ ಕಟ್ಟಿದ್ರೆ ಸ್ವಲ್ಪ ಆದ್ರೂ ಕಾಣ್ತಿತ್ತು."

ಅಮ್ಮನಿಗೆ ನಗು ಬಂತು, ನನಗೂ ಬಂತು, ಮರುಕ್ಷಣ ಇಬ್ಬರಿಗೂ ಕಣ್ಣು ತುಂಬಿತು. ಅಷ್ಟರಲ್ಲಿ ನನ್ನ ಅಣ್ಣ ಅಟ್ಟ ಹತ್ತಿ ಹಂಚು ಸರಿಸಿದ ಸದ್ದಾಯಿತು. ಮಾಮಿ ಕೂತಲ್ಲಿಂದಲೇ ಅವನನ್ನು ಕೆಳಗಿಳಿಸಿದಳು. ನಮ್ಮ ಮನೆಯಿಂದ ನಮ್ಮ ಗದ್ದೆಯನ್ನು ಕಳ್ಳರ ಹಾಗೆ ಇಣುಕಿ ನೋಡುವುದು ಬೇಡ, ನೋಡುವುದಾದರೆ ಕೂತು ನೋಡುವುದು, ಇಲ್ಲವಾದರೆ ಇಲ್ಲ ಎಂದಳು. ಅಣ್ಣ ಅಳುಮೋರೆ ಮಾಡಿಕೊಂಡು ಬಂದು ನನ್ನ ಪಕ್ಕ ಕೂತ. ಹೀಗೆ ನಾವು ನಾಲ್ಕು ಜನ, ಬೆಲ್ಲದ ತಟ್ಟೆ, ನೀರಿನ ಕೊಡಪಾನ ಎದುರಿಗಿಟ್ಟುಕೊಂಡು, ಒಂದು ಮಡಲಿನ ತಟ್ಟಿಯನ್ನು ನೋಡುತ್ತ ಫೈನಲ್ ಮುಗಿಸಿದೆವು.

ಮಾಮಿ ಬಾಯಿ ಬಿಡಲಿಲ್ಲ. ಎದುರಾಳಿಗಳು ಕಡಲ ಬದಿಯವರು, ಅವರ ಜನವೂ ಲಾರಿ ತುಂಬ ಬಂದಿತ್ತು. ಕೂಗು ಎದ್ದರೆ ಯಾರದ್ದೆಂದು ನಮಗೆ ತಿಳಿಯುತ್ತಿರಲಿಲ್ಲ. ಹಾಫ್ ಟೈಮಿನ ಸೀಟಿ ಕೇಳಿತು, ಬೆಲ್ಲಕ್ಕೆ ಯಾರೂ ಬರಲಿಲ್ಲ, ಬರುವ ದಾರಿಯೇ ಇರಲಿಲ್ಲವಲ್ಲ. ಆಮೇಲೆ ತಟ್ಟಿಯ ಬುಡ ಅಲುಗಿತು. ಅಬ್ಬು ಹೊಟ್ಟೆಯ ಮೇಲೆ ತೆವಳಿಕೊಂಡು ಈಚೆ ಬಂದ, ಮೈಯೆಲ್ಲ ಕೆಂಪು ಧೂಳು. ಬೆಲ್ಲ ಬಾಯಿಗೆ ಹಾಕಿ ಚೆಂಬೆತ್ತಿ ನೀರು ಕುಡಿದ.

"ಒಂದು ಬಿಟ್ಟೆ ದೇವಕ್ಕ. ಎಡಬದಿಯಿಂದ ಹೋಯ್ತು. ನೀವು ಹೇಳ್ಲಿಲ್ಲ."

"ಕಾಣದ್ದಕ್ಕೆ ಎಂತ ಹೇಳುವುದು?"

"ಈಗ ನಾನು ಈ ಬದಿಯ ಗೋಲಿಗೆ ಬರ್ತೇನೆ. ಸುಮ್ಮನೆ ಬೈತಾ ಇರಿ ಮಾರಾಯ್ರೆ. ಕಾಣದಿದ್ರೂ ಅಡ್ಡಿಯಿಲ್ಲ, ನನಗೆ ಕೇಳಿದ್ರೆ ಸಾಕು."

"ನಾನೇನು ರೇಡಿಯೋವಾ, ತಟ್ಟಿಯ ಹಿಂದಿನಿಂದ ಮಾತಾಡಲಿಕ್ಕೆ? ಹೋಗು, ಆಡು."

ಅಬ್ಬು ಬಂದ ಹಾಗೆಯೇ ತೆವಳಿಕೊಂಡು ಹೋದ. ಆಮೇಲೆ ಎರಡು ಸಲ ದೊಡ್ಡ ಕೂಗು ಎದ್ದಿತು, ದೂರದ ಗೋಲಿನ ಕಡೆಯಿಂದ. ಅದು ನಮ್ಮವರದೇ ಇರಬೇಕು ಎಂದು ಅಣ್ಣ ಪಿಸುಗುಟ್ಟಿದ. ಮಾಮಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದಳು. ಕೊನೆಯ ಹೊತ್ತಿಗೆ ಸೀಟಿ ನಮ್ಮ ಕಡೆಯೇ, ಬಹಳ ಹತ್ತಿರ ಕೇಳಿಸಿತು. ಪೆನಾಲ್ಟಿ, ಪೆನಾಲ್ಟಿ ಎಂದು ಜನ ಅರಚಿದರು. ಮತ್ತೆ ಇಡೀ ಗದ್ದೆ ಸ್ತಬ್ಧ. ಮಾಮಿ ಎದ್ದು ನಿಂತಳು. ಕಂಬ ಹಿಡಿದಳು. ಬಾಯಿ ತೆರೆದಳು, ನಾನು ಈಗ ಕೂಗುತ್ತಾಳೆ ಎಂದುಕೊಂಡೆ. ಅವಳು ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು. ಚೆಂಡಿಗೆ ಕಾಲು ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು, ಮತ್ತೆ ಚೆಂಡು ಬಂದು ತಟ್ಟಿಗೆ ಬಡಿದು ಮಡಲೆಲ್ಲ ಅದುರಿತು, ಬೆಲ್ಲದ ತಟ್ಟೆಯ ಮೇಲೆ ಧೂಳು ಉದುರಿತು. ಊರೇ ಹೋ ಎಂದು ಬೊಬ್ಬಿಟ್ಟಿತು.

"ಹೋಯ್ತಾ? ಹಿಡಿದನಾ?" ಮಾಮಿ ನಮ್ಮ ಮುಖ ನೋಡಿದಳು.

ಯಾರಿಗೆ ಗೊತ್ತು! ಕೈಚಾಚಿದರೆ ಸಿಗುವಷ್ಟು ಹತ್ತಿರ ನಡೆದದ್ದನ್ನು ತಿಳಿಯಲು ನಾವು ಕಾಯಬೇಕಾಯಿತು. ಚೆಂಡೆಯವರು ರಸ್ತೆಯ ಕಡೆ ಹೊರಟು, ನಮ್ಮ ಕ್ಲಬ್ಬಿಗೆ ಜೈ ಎಂಬ ಕೂಗು ದೂರದಿಂದ ಬಂದ ಮೇಲೆ ನಾವು ಗೆದ್ದೆವು ಎಂದು ನಮಗೆ ಗೊತ್ತಾದದ್ದು. ಮೆರವಣಿಗೆ ಆ ಕಡೆಯಿಂದಲೇ ಹೋಯಿತು. ಈ ಕಡೆ ತಟ್ಟಿ ಇತ್ತಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಕಪ್ಪು ಹಿಡಿದುಕೊಂಡು ಬಂದ. ಚಾವಡಿಯಲ್ಲಿ ಮಣೆಯ ಮೇಲೆ ಅದನ್ನು ಇಟ್ಟ. ಮಾಮಿ ಬೈಯುತ್ತಾಳೆ ಎಂದು ನಾವು ಕಾದೆವು. ಅವಳು ಕೇಳಿದ್ದು ಬೇರೆ.

"ಹಿಡಿದನಾ?"

"ಹಿಡಿದ ಅಕ್ಕ! ಎಡಕ್ಕೆ ಹಾರಿ, ಹೀಗೆ, ಒಂದೇ ಕೈಯಲ್ಲಿ ಹೊರಗೆ ತಳ್ಳಿ..." ಅಪ್ಪ ಚಾವಡಿಯಲ್ಲೇ ಹಾರಿ ತೋರಿಸಿದ. ಆಮೇಲೆ ಅವನನ್ನು ತಡೆಯುವವರಿಲ್ಲ. ಮೊದಲ ಗೋಲು, ಎರಡನೆಯ ಗೋಲು, ರೆಫ್ರಿ ಮಾಡಿದ ಮೋಸ ಎಲ್ಲ ಹೇಳಿದ. ಮಾಮಿ ಎಲ್ಲವನ್ನೂ ಕೇಳಿದಳು. ನಡುನಡುವೆ ಯಾರು ಪಾಸ್ ಕೊಟ್ಟದ್ದು, ಹ್ಯಾಂಡ್ ಆಗಿತ್ತಾ ಎಂದು ವಿಚಾರಿಸಿದಳು. ಅವಳ ಮುಖ ಹಸಿದವರು ಊಟದ ಸುದ್ದಿ ಕೇಳುವಾಗ ಆಗುವ ಹಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುವವರು ಎನ್ನಲಿ.

"ಮುಗೀತಾ?" ಎಂದಳು ಮಾಮಿ.

"ಮುಗೀತು."

"ನಾಳೆ ಗದ್ದೆ ಹೂಡಲಿಕ್ಕೆ ಜನ ಬರ್ತಾರೆ. ಅಷ್ಟರ ಒಳಗೆ ತಟ್ಟಿ ಬಿಚ್ಚು."

"ಅಕ್ಕ, ಧನು ಮುಗೀಲಿಲ್ಲ. ವಿಜಯೋತ್ಸವದ ಮ್ಯಾಚು ಉಂಟು, ನೋಟೀಸು ಹಂಚಿ ಆಗಿದೆ."

"ನನ್ನನ್ನು ಕೇಳಿ ಹಂಚಿದ್ದಾ?"

ಮರುದಿನ ಮಾಮಿ ಧನುಪೂಜೆಯಿಂದ ಬರುವ ಮೊದಲೇ ಅಧ್ಯಕ್ಷರು ಒಬ್ಬರೇ ಚಳಿಯಲ್ಲಿ ನಿಂತು ಒಂದೊಂದೇ ಕಟ್ಟು ಬಿಚ್ಚಿದರು. ಆ ಮಡಲು ಬಚ್ಚಲ ಒಲೆಗೆ ಹೋಯಿತು. ಗೋಲಿನ ಕಂಬಗಳನ್ನು ಕಿತ್ತು ಹುಣಿಗೆ ಒರಗಿಸಿ, ಎತ್ತು ಹೂಡಿ, ಉದ್ದು ಬಿತ್ತಿದರು. ಕಮಿಟಿಯವರು ವೀಳ್ಯ ಹಿಡಿದು ಬಂದರು, ಅಂಗಳದಲ್ಲಿ ನಿಂತು ತಪ್ಪಾಯಿತು ಎಂದರು. ಮಾಮಿ ಅವರಿಗೆ ಬೆಲ್ಲ ನೀರು ಕೊಟ್ಟು ಕಳಿಸಿದಳು. ಗದ್ದೆ ಕೊಡಲಿಲ್ಲ, ಮುಂದೆ ಯಾವ ಧನುವಿನಲ್ಲೂ ಕೊಡಲಿಲ್ಲ. ಕ್ಲಬ್ಬು ಬೇರೆ ಗದ್ದೆ ಹುಡುಕಿಕೊಂಡಿತು. ಅವಳಿದ್ದಷ್ಟು ಕಾಲ ಇನ್ನೊಂದು ಕಪ್ಪು ಬರಲಿಲ್ಲ. ಆ ಗೆಲುವನ್ನು ಯಾರಾದರೂ ಹೊಗಳಿದರೆ, ನಾನು ನೋಡ್ಲಿಲ್ಲ, ಎಂದಷ್ಟೇ ಹೇಳುತ್ತಿದ್ದಳು. ಅಬ್ಬು ಆಗಾಗ ಬಂದು ನಮ್ಮದೇ ಉದ್ದಿನ ದೋಸೆ ತಿಂದು, ಬೈಸಿಕೊಂಡು ಹೋಗುತ್ತಿದ್ದ. ಧನುವಿನ ಸಂಜೆಗಳಲ್ಲಿ ಅವಳು ಕಂಬಕ್ಕೆ ಒರಗಿ ಉದ್ದಿನ ಗಿಡಗಳನ್ನು ನೋಡುತ್ತ ಕೂತಿರುತ್ತಿದ್ದಳು.

ನನ್ನಲ್ಲಿ ಸಿಟ್ಟು ಹೆಚ್ಚು ಎಂದು ಶಾಲೆಯಲ್ಲೂ ಮನೆಯಲ್ಲೂ ಹೇಳುತ್ತಾರೆ. ಹೌದು, ಹೆಚ್ಚು. ಎಲ್ಲರ ಒಳ್ಳೇದಕ್ಕೆ ನೀವು ಸ್ವಲ್ಪ ಆಚೆ ಕೂತುಕೊಳ್ಳಿ ಎಂದು ಯಾರಾದರೂ ಹೇಳಿದರೆ ನನ್ನ ಮೈ ಉರಿಯುತ್ತದೆ. ವಾರ್ಷಿಕೋತ್ಸವದ ದಿನ ಅಡುಗೆಯ ಹೆಂಗಸರ ಎದುರಿಗೆ ಪರದೆ ಎಳೆದ ಹೆಡ್ಮಾಸ್ತರರ ಹತ್ತಿರ ಜಗಳವಾಡಿ, ಪರದೆ ತೆಗೆಸಿದ ಮೇಲೆಯೇ ನಾನು ಊಟಕ್ಕೆ ಕೂತದ್ದು. ಅದು ನಾನು ಪುಸ್ತಕ ಓದಿ ಕಲಿತದ್ದಲ್ಲ.

ಮನೋಜನಿಗೆ ಮಾಮಿಯ ಒಳ್ಳೆಯ ಫೋಟೋಗಳನ್ನು ಕೊಡಬಹುದಿತ್ತು. ಅಣ್ಣನ ಮಗಳ ಮದುವೆಯಲ್ಲಿ ತೆಗೆದದ್ದೊಂದು ಬಹಳ ಚೆಂದ ಇದೆ. ನಾನು ಅದನ್ನು ಕಳಿಸಲಿಲ್ಲ. ಫೈನಲಿನ ಸಂಜೆಯ ಫೋಟೋ ಹುಡುಕಿ ತೆಗೆದು ಮೊಬೈಲಿನಲ್ಲಿ ಕಳಿಸಿದೆ. ಹೊಸ ಜೆರ್ಸಿಯ ಹುಡುಗರು, ನಡುವೆ ಬಿಳಿ ಮುಂಡಿನ ಅಪ್ಪ, ತುದಿಯಲ್ಲಿ ಗಂಧ ಹಚ್ಚಿಕೊಂಡ ಅಬ್ಬು, ಎಲ್ಲರ ಹಿಂದೆ ತಟ್ಟಿ. ಕೆಳಗೆ ಹಾಕಬೇಕಾದ ಸಾಲನ್ನೂ ಬರೆದೆ: ನಿಂತವರು ಇಂಥಿಂಥವರು, ಕುಳಿತವರು ಇಂಥಿಂಥವರು, ತಟ್ಟಿಯ ಹಿಂದೆ ಕುಳಿತವರು ದೇವಕಿ, ಗದ್ದೆಯ ಯಜಮಾನ್ತಿ. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು.

"ಟೀಚರ್, ಇದರಲ್ಲಿ ದೇವಕ್ಕ ಕಾಣುವುದೇ ಇಲ್ಲ ಅಲ್ವಾ?"

"ಅವಳಿಗೆ ಸಹ ಇವರು ಯಾರೂ ಕಾಣ್ಲಿಲ್ಲ ಮಾರಾಯ. ಹಾಗೇ ಹಾಕು."